ಅಮ್ಮನ ಮೇಕೆ, ಅಪ್ಪನ ಜೇನು, ನನ್ನ ಲೆಕ್ಕದ ಪುಸ್ತಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ. ಮಾತಿನ ಧಾಟಿ ಹಾಗೆಯೇ ಇದೆ.)

ಹಿಂದುಗಡೆ ಮೇಕೆ ಕೂಗೋ ಸದ್ದು ಕೇಳಿಸ್ತಿದ್ರೆ ಬೇಜಾರು ಮಾಡ್ಕೋಬೇಡಿ. ಈ ಸಲ ಅದನ್ನ ಎಡಿಟ್ ಮಾಡಿ ತೆಗೆಯಲ್ಲ. ಇವತ್ತಿನ ಸಂಚಿಕೆನೇ ಅವುಗಳದ್ದು.

ನಾನು ಮಾತಾಡ್ತಿರೋದು ಶೆಟ್ಟಿಹಳ್ಳಿಯಿಂದ. ಹೀಗಂದ ತಕ್ಷಣ ತುಮಕೂರಿನವರು ಕೇಳ್ತಾರೆ, ‘ಯಾವ ಶೆಟ್ಟಿಹಳ್ಳಿ? ರೈಲ್ವೆ ಗೇಟ್ ಹತ್ರದ್ದಾ?’ ಅಲ್ಲ. ಆ ಶೆಟ್ಟಿಹಳ್ಳಿ ಈಗ ತುಮಕೂರು ಸಿಟಿಯೊಳಗೇ ಸೇರಿಹೋಗಿದೆ. ತುಮಕೂರು, ಗುಬ್ಬಿ, ಕುಣಿಗಲ್ ಸುತ್ತ ಒಂದು ಕಲ್ಲು ಎಸೆದ್ರೆ ಯಾವುದೋ ಒಂದು ಶೆಟ್ಟಿಹಳ್ಳಿಗೆ ಬೀಳತ್ತೆ. ನಮ್ಮದು ಹಳ್ಳಿಯಾಗೇ ಉಳಿದಿರೋ ಶೆಟ್ಟಿಹಳ್ಳಿ. ತೆಂಗಿನ ತೋಟ, ರಾಗಿ ಹೊಲ, ಒಂದು ಆಂಜನೇಯನ ಗುಡಿ, ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು.

ಹೋದ ತಿಂಗಳು ದಾವಣಗೆರೆ ಕಡೆಯ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ‘ನಾನೂ ನಿಮ್ಮ ಥರ ಬಿಕಾಂ. ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ. ಸಾಕಾಗಿದೆ. ಊರಲ್ಲಿ ಎರಡೂವರೆ ಎಕರೆ ಇದೆ, ಮೇಕೆ ಮತ್ತೆ ಜೇನು ಸಾಕೋಣ ಅಂತಿದ್ದೀನಿ. ಯೂಟ್ಯೂಬಲ್ಲಿ ತಿಂಗಳಿಗೆ ಲಕ್ಷ ಅಂತಾರೆ. ನಿಜ ಹೇಳಿ, ಬದುಕಬಹುದಾ?’

ಇದಕ್ಕೆ ಎರಡು ನಿಮಿಷದಲ್ಲಿ ಉತ್ತರ ಕಳಿಸೋಣ ಅಂತ ಕೂತೆ. ಆಗಲಿಲ್ಲ. ಯಾಕಂದ್ರೆ ನಮ್ಮನೇಲಿ ಮೇಕೆನೂ ಇದೆ, ಜೇನೂ ಇದೆ, ಆದ್ರೆ ಅದರ ಲೆಕ್ಕ ಮಾತ್ರ ಯಾವತ್ತೂ ಇರಲಿಲ್ಲ. ನಾನು ತುಮಕೂರಲ್ಲಿ ಒಬ್ಬರು ತೆರಿಗೆ ಸಲಹೆಗಾರರ ಹತ್ರ ಕೆಲಸ ಮಾಡ್ತೀನಿ. ಊರವರ ಅಂಗಡಿಗಳ ಜಿಎಸ್‌ಟಿ ಎಲ್ಲಾ ನನ್ನ ಕೈಲೇ ಹೋಗತ್ತೆ. ನಮ್ಮ ಮನೆಯ ರೊಪ್ಪದಲ್ಲಿ ಎಷ್ಟು ಬಂತು, ಎಷ್ಟು ಹೋಯ್ತು ಅಂತ ಕೇಳಿದ್ರೆ ಬೆಬ್ಬೆಬ್ಬೆ. ಹಾಗಾಗಿ 2024ರ ಏಪ್ರಿಲ್‌ನಿಂದ 2025ರ ಮಾರ್ಚ್ ತನಕ ಒಂದು ವರ್ಷ ಪೂರ್ತಿ ಬರೆದಿಟ್ಟಿದ್ದ ಒಂದು ನೋಟ್‌ಬುಕ್ಕನ್ನ ಈಗ ಮೇ ತಿಂಗಳಲ್ಲಿ ಕೂತು ಮುಗಿಸಿದೀನಿ. ಮುಗಿಸಿದ ಮೇಲೆ ಅಮ್ಮನ ಜೊತೆ ಒಂದು ಸಣ್ಣ ಜಗಳಾನೂ ಆಯ್ತು. ಅದನ್ನೂ ಹೇಳ್ತೀನಿ.

ಮೊದಲು ಜಮೀನು. ಎರಡು ಎಕರೆ ಹನ್ನೆರಡು ಗುಂಟೆ. ಅರವತ್ತು ಚಿಲ್ಲರೆ ತೆಂಗಿನ ಮರ, ಮಧ್ಯ ಒಂದಷ್ಟು ಬಾಳೆ, ಉಳಿದದ್ದು ಮಳೆ ನಂಬಿದ ಹೊಲ. ಹೊಲದಲ್ಲಿ ರಾಗಿ. ಬೇಲಿಗುಂಟ ಹೊಂಗೆ, ಗ್ಲಿರಿಸಿಡಿಯಾ, ನುಗ್ಗೆ, ಅಗಸೆ, ಎರಡು ಹುಣಸೆ, ಒಂದು ಹಲಸು. ಇದು ನಮ್ಮಪ್ಪನಿಗೆ ಭಾಗದಲ್ಲಿ ಬಂದದ್ದು. ಬದುವಿನ ಆಚೆ ದೊಡ್ಡಪ್ಪನ ಜಮೀನು. ಆ ಬದು ನೆನಪಿಟ್ಟುಕೊಳ್ಳಿ, ಆಮೇಲೆ ಬರತ್ತೆ.

ಬೆಳಗ್ಗೆ ಐದೂವರೆಗೆ ಅಮ್ಮ ಎದ್ದು ರೊಪ್ಪದ ಬಾಗಿಲು ತೆಗೀತಾಳೆ. ಮೇಕೆಗಳನ್ನ ಆಚೆ ಬಿಡಲ್ಲ, ಬರೀ ಬಾಗಿಲು. ಒಳಗೆ ಹೋಗಿ ಒಂದೊಂದರ ಮುಖ ನೋಡ್ತಾಳೆ. ಮೂಗು ಸುರೀತಿದ್ಯಾ, ಹೊಟ್ಟೆ ಉಬ್ಬಿದ್ಯಾ, ಹಿಕ್ಕೆ ಕಾಳುಕಾಳಾಗಿ ಬಿದ್ದಿದ್ಯಾ ಅಥವಾ ತೆಳ್ಳಗಾಗಿದ್ಯಾ. ಹಿಕ್ಕೆ ಅಂದ್ರೆ ಮೇಕೆಯ ರಕ್ತಪರೀಕ್ಷೆ ಇದ್ದಂಗೆ. ರಾತ್ರಿ ಯಾವ ಮೇಕೆಗೆ ಏನಾಯ್ತು ಅಂತ ಅಮ್ಮ ನೆಲ ನೋಡಿ ಹೇಳ್ತಾಳೆ. ಆಮೇಲೆ ಕಸ ಗುಡಿಸಿ ತಿಪ್ಪೆಗೆ ಹಾಕೋದು, ಎಳೆ ಮರಿಗಳನ್ನ ತಾಯಿ ಹತ್ರ ಬಿಡೋದು, ಒಂದು ಮರಿ ಎರಡೂ ಮೊಲೆ ಕುಡಿದು ಇನ್ನೊಂದನ್ನ ಒದೀತಿದ್ರೆ ಅದನ್ನ ಕಿವಿ ಹಿಡಿದು ಎಳೆಯೋದು.

ಇಬ್ಬನಿ ಆರೋ ತನಕ ಮೇಯಕ್ಕೆ ಬಿಡಲ್ಲ. ನಾನು ಚಿಕ್ಕೋಳಿದ್ದಾಗ ಇದು ಬರೀ ಹಳೇ ಕಾಲದ ನಂಬಿಕೆ ಅಂದ್ಕೊಂಡಿದ್ದೆ. ಅಲ್ಲ. ಜಂತುಹುಳದ ಮರಿಗಳು ಒದ್ದೆ ಹುಲ್ಲಿನ ತುದಿಗೆ ಹತ್ತಿ ಕೂತಿರ್ತವೆ, ಬಿಸಿಲು ಬಂದಮೇಲೆ ಕೆಳಗೆ ಇಳೀತವೆ. ಬೆಳಗ್ಗೆ ಬೇಗ ಮೇಯಿಸಿದ್ರೆ ಹುಲ್ಲಿನ ಜೊತೆ ಹುಳಾನೂ ಒಳಗೆ. ಪಶುವೈದ್ಯರು ಹೇಳೋದೂ ಇದನ್ನೇ, ನಮ್ಮಜ್ಜಿ ಹೇಳ್ತಿದ್ದದ್ದೂ ಇದನ್ನೇ. ಅಜ್ಜಿಗೆ ಕಾರಣ ಗೊತ್ತಿರಲಿಲ್ಲ, ಅಷ್ಟೇ.

ಒಂಬತ್ತೂವರೆ ಮೇಲೆ ದೋಟಿ ಹಿಡ್ಕೊಂಡು ಹೊರಡೋದು. ‘ಆಡು ಮುಟ್ಟದ ಸೊಪ್ಪಿಲ್ಲ’ ಅಂತ ಗಾದೆ ಇದ್ಯಲ್ಲ, ಅದನ್ನ ಕಟ್ಟಿದೋರು ಮೇಕೆ ಕಾದೋರಲ್ಲ ಅನ್ಸತ್ತೆ. ನಮ್ಮ ಮೇಕೆಗಳು ಹೊಂಗೆ ಸೊಪ್ಪನ್ನ ಹಸಿವು ಕೆಟ್ಟರೆ ಮಾತ್ರ ಮುಟ್ಟೋದು. ಲಂಟಾನ ಕಡೆ ತಿರುಗೂ ನೋಡಲ್ಲ. ಹಲಸಿನ ಎಲೆ, ಅಗಸೆ, ಎಲಚಿ, ಜಾಲಿಕಾಯಿ ಅಂದ್ರೆ ಪ್ರಾಣ. ಹಲಸು ಅಂದಾಗ ಹೇಳಬೇಕು, ನಮ್ಮ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ‘ಸಿದ್ದು’ ಹಲಸು ದೇಶಕ್ಕೇ ಗೊತ್ತು. ನಮ್ಮನೇದು ಆ ಜಾತಿಯದ್ದಲ್ಲ. ನಮ್ಮ ಹಲಸಿನ ಹಣ್ಣು ತಿಂದವರು ಎರಡನೇ ತೊಳೆ ಕೇಳಲ್ಲ. ಆದ್ರೆ ಅದರ ಎಲೆಗೆ ಮೇಕೆಗಳು ಹಿಂಗಾಲಲ್ಲಿ ನಿಲ್ತವೆ.

ನಮ್ಮದು ಹೊರಗಿಂದ ತಂದ ಜಾತಿ ಮೇಕೆಯಲ್ಲ. ಈ ಕಡೆಯ ನಾಟಿ. ಒಂಬತ್ತು ಹೆಣ್ಣು, ಒಂದು ಹೋತ. ಐದು ತಿಂಗಳಿಗೆ ಈಯತ್ತೆ, ಬಹಳ ಸಲ ಅವಳಿ. ಪಿಪಿಆರ್ ಲಸಿಕೆ ಒಂದು ಸಲ ಹಾಕಿಸಿದ್ರೆ ಮೂರು ವರ್ಷ ಕಾಯತ್ತೆ. ಕರುಳುಬೇನೆಗೆ ಮಾತ್ರ ವರ್ಷ ವರ್ಷ, ಮಳೆಗಾಲಕ್ಕೆ ಮುಂಚೆ. ಇದನ್ನ ಮರೀಬೇಡಿ. ಹೊಸ ಮಳೆಗೆ ಬಂದ ಎಳೇ ಹುಲ್ಲು ಹೊಟ್ಟೆ ತುಂಬ ತಿಂದು, ಸಂಜೆ ಚೆನ್ನಾಗಿದ್ದ ಮರಿ ಬೆಳಗ್ಗೆ ಸತ್ತು ಬಿದ್ದಿರತ್ತೆ. ಅದೂ ಯಾವುದು ಚೆನ್ನಾಗಿ ತಿಂತದೋ, ಯಾವುದು ದುಂಡುದುಂಡಗಿದ್ಯೋ ಅದೇ ಹೋಗೋದು. ಹಾಗೇನೇ ಮದುವೆ ಮನೆಯ ಮಿಕ್ಕ ಅನ್ನ ಅಂತ ತಂದು ಸುರೀಬೇಡಿ. ನಮ್ಮ ಬೀದೀಲಿ ಒಬ್ಬರ ನಾಲ್ಕು ಮೇಕೆ ಒಂದೇ ರಾತ್ರಿ ಹೋದವು. ಸೊಪ್ಪು ತಿನ್ನೋ ಹೊಟ್ಟೆಗೆ ಅನ್ನ ಬಿದ್ರೆ ಒಳಗೆ ಹುಳಿಯಾಗಿ ವಿಷ ಆಗತ್ತೆ.

ಈಗ ಜೇನು. ಇದು ಅಪ್ಪನ ಖಾತೆ.

ನಮ್ಮ ತಾತನ ಕಾಲದ ಮಣ್ಣಿನ ಮನೆಯ ಗೋಡೆಯಲ್ಲಿ ಒಂದು ಗೂಡು ಇತ್ತಂತೆ. ಗೋಡೆಗೆ ಮಡಕೆ ಹುದುಗಿಸಿ, ಹೊರಗಡೆಗೆ ಒಂದು ಸಣ್ಣ ತೂತು ಬಿಟ್ಟಿರೋದು. ತುಡುವೆ ಜೇನು ತಾನೇ ಬಂದು ಕೂರೋದು. ಅಪ್ಪ ಹೇಳ್ತಾರೆ, ಒಂದು ವರ್ಷ ಆ ಗೂಡು ಖಾಲಿಯಾಯ್ತು, ಆಮೇಲೆ ಎಷ್ಟೋ ವರ್ಷ ಹೊಲದಲ್ಲೂ ತುಡುವೆ ಕಾಣಲಿಲ್ಲ ಅಂತ. ಅದು ಬರೀ ನಮ್ಮೂರ ಕಥೆಯಲ್ಲ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ಬಡಿದು, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕುಟುಂಬಗಳು ನಾಶವಾದವು. ಕೊಡಗಿನಲ್ಲಿ, ದಕ್ಷಿಣ ಕನ್ನಡದಲ್ಲಿ ಜೇನನ್ನೇ ನಂಬಿದ್ದವರು ಖಾಲಿ ಪೆಟ್ಟಿಗೆಗಳನ್ನ ಅಟ್ಟಕ್ಕೆ ಹಾಕಿದ್ರು. ಉಳಿದ ಅಷ್ಟೋ ಇಷ್ಟೋ ಕುಟುಂಬಗಳಿಂದಾನೇ ಇವತ್ತು ಮತ್ತೆ ತುಡುವೆ ಇರೋದು. ನೊಣದ ಮರಿ ಚೀಲದ ಥರ ನೀರು ತುಂಬ್ಕೊಂಡು ಸಾಯತ್ತೆ, ಅದಕ್ಕೆ ಆ ಹೆಸರು. ಈಗಲೂ ಪೂರ್ತಿ ಹೋಗಿಲ್ಲ, ಆಗಾಗ ಬರತ್ತೆ. ಔಷಧಿ ಇಲ್ಲ. ಕುಟುಂಬ ಬಲವಾಗಿದ್ರೆ ತಡ್ಕೊಳತ್ತೆ, ಇಲ್ಲಾಂದ್ರೆ ಇಲ್ಲ.

ಅಪ್ಪ ಮತ್ತೆ ಶುರು ಮಾಡಿದ್ದು ಹತ್ತು ವರ್ಷದ ಹಿಂದೆ. ಹೊಲದ ಹುತ್ತದಲ್ಲಿ ಕೂತಿದ್ದ ಒಂದು ಕುಟುಂಬವನ್ನ ಹಿಡಿದರು. ಹುತ್ತ ಮೆತ್ತಗೆ ಅಗೆದು, ಎರಿಗಳನ್ನ ಒಂದೊಂದಾಗಿ ಕೊಯ್ದು, ಮರದ ಚೌಕಟ್ಟಿಗೆ ಬಾಳೆನಾರಲ್ಲಿ ಕಟ್ಟಿ ಪೆಟ್ಟಿಗೆಯೊಳಗೆ ಇಳಿಸೋದು. ಎರಡು ದಿನದಲ್ಲಿ ನೊಣಗಳು ಎರಿಯನ್ನ ಮೇಣದಿಂದ ಚೌಕಟ್ಟಿಗೆ ಅಂಟಿಸ್ಕೊಳ್ತವೆ, ಆಮೇಲೆ ಬಾಳೆನಾರನ್ನ ತಾವೇ ಕಡಿದು ಎಳೆದು ಬಾಗಿಲಾಚೆ ಹಾಕ್ತವೆ. ಬಾಗಿಲ ಮುಂದೆ ನಾರಿನ ಚೂರು ಬಿದ್ದಿದ್ರೆ ಸಂಸಾರ ನಿಂತಿತು ಅಂತ ಅರ್ಥ. ನಂಗೆ ಜೇನು ಸಾಕಾಣಿಕೆಯಲ್ಲಿ ಇವತ್ತಿಗೂ ಬಹಳ ಇಷ್ಟದ ಗಳಿಗೆ ಅದು.

ಹೋದ ವರ್ಷ ಎಂಟು ಪೆಟ್ಟಿಗೆ ಇತ್ತು. ಅಪ್ಪನ ಕ್ಯಾಲೆಂಡರ್ ಹೂವಿನದ್ದು. ಯುಗಾದಿ ಸುತ್ತಮುತ್ತ ಬೇವು, ಆಮೇಲೆ ಹೊಂಗೆ. ಹೊಂಗೆ ಹೂ ಬಿಟ್ಟಾಗ ಮರದ ಕೆಳಗೆ ನಿಂತ್ರೆ ಟ್ರಾನ್ಸ್‌ಫಾರ್ಮರ್ ಹತ್ರ ನಿಂತಂಗೆ ಗುಂಯ್ ಅನ್ನತ್ತೆ. ಹಿಂದೇನೇ ಹುಣಸೆ. ಇದೇ ದೊಡ್ಡ ಸುಗ್ಗಿ, ಮೇ-ಜೂನಲ್ಲಿ ಜೇನು ತೆಗೆಯೋದು. ಮಳೆ ಹಿಡಿದ್ರೆ ಆಗಸ್ಟ್ ತನಕ ಬರಗಾಲ, ಆಗ ಸಕ್ಕರೆ ನೀರು ಕೊಡಬೇಕು. ತೆಂಗಿನ ಹೊಂಬಾಳೆ ವರ್ಷವಿಡೀ ಒಂಚೂರು ಪರಾಗ ಕೊಡ್ತಾನೇ ಇರತ್ತೆ, ಅದರಿಂದ ಜೀವ ಹಿಡ್ಕೊಂಡಿರ್ತವೆ. ಮಳೆಗಾಲ ಮುಗೀತಿದ್ದಂಗೆ ಹುಚ್ಚೆಳ್ಳು.

ಹುಚ್ಚೆಳ್ಳಿನ ಬಗ್ಗೆ ಒಂದು ಮಾತು. ಮುಂಚೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕೋರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಬದುವಿಗೆ ಹರಳು. ಒಂದು ಹೋದ್ರೆ ಇನ್ನೊಂದು ಉಳೀತಿತ್ತು. ಈಗ ರಾಗಿ ಕೊಯ್ಯೋಕೆ ಮಿಷನ್ ಬಂತು, ಮಿಷನ್‌ಗೆ ಅಕ್ಕಡಿ ಸಾಲು ಅಡ್ಡ. ಹಾಗಾಗಿ ಬರೀ ರಾಗಿ. ರಾಗಿ ಹೂವಲ್ಲಿ ಜೇನಿಗೆ ಮಕರಂದ ಇಲ್ಲ. ಅಕ್ಟೋಬರಲ್ಲಿ ಹಳದಿ ಪಟ್ಟಿ ಎಳೆದಂಗೆ ಕಾಣ್ತಿದ್ದ ಹೊಲಗಳು ಈಗ ಒಂದೇ ಬಣ್ಣ. ಊರಲ್ಲಿ ಜೇನು ಕಮ್ಮಿ ಆಯ್ತು ಅಂತ ಎಲ್ಲರೂ ಮೊಬೈಲ್ ಟವರ್ ಕಡೆ ಕೈ ತೋರಿಸ್ತಾರೆ. ನಾನು ಮಿಷನ್ ಕಡೆ ತೋರಿಸ್ತೀನಿ. ಹಾಗಂತ ಮಿಷನ್ ಬೇಡ ಅನ್ನಕ್ಕೂ ಬಾಯಿ ಬರಲ್ಲ. ರಾಗಿ ಕೊಯ್ಯೋಕೆ ಆಳು ಸಿಗಲ್ಲ, ಸಿಕ್ಕಿದ್ರೂ ಕೂಲಿ ಕೊಟ್ಟು ಪೂರೈಸಲ್ಲ. ನಾವು ಈಗ ಬದುವಿಗೆ ಮಾತ್ರ ಹುಚ್ಚೆಳ್ಳು ಚೆಲ್ತೀವಿ.

ಇಲ್ಲೊಂದು ತಮಾಷೆ ನೋಡಿ. ಅಗಸೆ, ನುಗ್ಗೆ, ಗ್ಲಿರಿಸಿಡಿಯಾ, ಈ ಮೂರರ ಹೂ ಜೇನಿಗೆ ಬೇಕು, ಸೊಪ್ಪು ಮೇಕೆಗೆ ಬೇಕು. ಅಮ್ಮ ದೋಟಿ ಹಾಕಿದ್ರೆ ಹೂವಿನ ಕೊಂಬೆನೇ ಮೊದಲು ಬೀಳೋದು. ವರ್ಷಕ್ಕೆ ಎರಡು ಸಲ ಈ ವಿಷಯಕ್ಕೆ ನಮ್ಮನೇಲಿ ಮಾತು ಬಿಡ್ತಾರೆ. ಕೊನೆಗೆ ರಾಜಿ ಆಗಿರೋದು ಹೀಗೆ: ಪೂರ್ವದ ಬೇಲಿ ಅಮ್ಮಂದು, ಪಶ್ಚಿಮದ ಬೇಲಿ ಅಪ್ಪಂದು. ಕಂಪನಿ ಕಾನೂನಲ್ಲಿ ಇಂಥ ಒಪ್ಪಂದಕ್ಕೆ ಏನು ಹೆಸರೋ ಗೊತ್ತಿಲ್ಲ, ಮನೆ ನಡೀತಿದೆ.

ಸರಿ, ಲೆಕ್ಕ.

ಮೇಕೆ ಮೊದಲು. ವರ್ಷದಲ್ಲಿ ಹುಟ್ಟಿದ ಮರಿ ಹದಿನೇಳು. ಸತ್ತದ್ದು ನಾಲ್ಕು. ಸಾಕಕ್ಕೆ ಉಳಿಸ್ಕೊಂಡದ್ದು ಎರಡು ಹೆಣ್ಣು. ಮಾರಿದ್ದು ಹನ್ನೊಂದು. ಕೆಲವು ಮನೆ ಬಾಗಿಲಿಗೇ ಬಂದೋರಿಗೆ, ಕೆಲವು ಹಬ್ಬದ ಮುಂಚೆ ಸಂತೆಗೆ. ಒಟ್ಟು ಬಂದದ್ದು 91,500 ರೂಪಾಯಿ. ಖರ್ಚು: ಹಿಂಡಿ, ಬೂಸ 14,200. ಔಷಧಿ 3,600. ರೊಪ್ಪದ ಶೀಟು ಗಾಳಿಗೆ ಹಾರಿಹೋಯ್ತು, ಅದಕ್ಕೆ 6,500. ಹೊಸ ಹೋತ 13,000. ಹಳೇ ಹೋತವನ್ನೇ ಇಟ್ಕೊಂಡ್ರೆ ತನ್ನ ಮಗಳ ಮೇಲೇ ಹಾರತ್ತೆ, ಮರಿ ಸಣ್ಣವಾಗ್ತವೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅಕೌಂಟ್ಸ್ ಓದಿದೋರು ಕೇಳ್ತೀರಿ, ಹೋತ ಅಂದ್ರೆ ಬಂಡವಾಳ ಅಲ್ವಾ, ಒಂದೇ ವರ್ಷದ ಖರ್ಚಿಗೆ ಯಾಕೆ ಹಾಕಿದೆ ಅಂತ. ಹೌದು. ಆದ್ರೆ ದುಡ್ಡು ಹೋಗಿದ್ದು ಒಂದೇ ವರ್ಷದಲ್ಲಿ, ಅಮ್ಮನ ಸೆರಗಿನ ಗಂಟಿಂದ. ಒಟ್ಟು ಖರ್ಚು 37,300. ಉಳಿದದ್ದು 54,200.

ಜೇನು. ಎಂಟು ಪೆಟ್ಟಿಗೆಯಿಂದ 31 ಕೆಜಿ. ಯೂಟ್ಯೂಬಲ್ಲಿ ಪೆಟ್ಟಿಗೆಗೆ ಮೂವತ್ತು ನಲವತ್ತು ಕೆಜಿ ಅಂತಾರಲ್ಲ, ಅದು ಮೆಲ್ಲಿಫೆರಾ, ಹೊರಗಿಂದ ಬಂದ ಜಾತಿ, ಲಾರೀಲಿ ಹೂ ಇರೋ ಕಡೆಗೆಲ್ಲ ಹೊತ್ಕೊಂಡು ತಿರುಗೋರ ಲೆಕ್ಕ. ನಮ್ಮ ಬಯಲು ಸೀಮೆಯಲ್ಲಿ ಒಂದೇ ಕಡೆ ಇಟ್ಟ ತುಡುವೆ ಅಷ್ಟೆಲ್ಲ ಕೊಡಲ್ಲ. ಕೆಜಿಗೆ 600ರ ಹಾಗೆ 18,600. ಸಕ್ಕರೆ 1,400, ಬಾಟಲಿ 1,500, ಪೆಟ್ಟಿಗೆ ರಿಪೇರಿ 1,700. ಉಳಿದದ್ದು 14,000.

600 ಜಾಸ್ತಿ ಅಂತಾರೆ. ಅಂಗಡೀಲಿ 250ಕ್ಕೂ ಸಿಗತ್ತೆ ಅಂತಾರೆ. 2020ರ ಡಿಸೆಂಬರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆಯವರು ಹದಿಮೂರು ಬ್ರ್ಯಾಂಡಿನ ಜೇನುತುಪ್ಪ ಪರೀಕ್ಷೆ ಮಾಡಿಸಿದ್ರು, ಎಲ್ಲ ಪರೀಕ್ಷೆಯಲ್ಲೂ ಪಾಸಾದದ್ದು ಮೂರೇ. ಸಕ್ಕರೆ ಪಾಕದ ಕಲಬೆರಕೆ, ಅದೂ ಸಾಮಾನ್ಯ ಪರೀಕ್ಷೆಗೆ ಸಿಗದಂಥದ್ದು. ಅಂಥದ್ದರ ಜೊತೆ ನಮ್ಮ ಬೆಲೆ ಪೈಪೋಟಿ ಮಾಡಬೇಕು. ಇನ್ನೊಂದು ಕಡೆ, ಚಳಿಗೆ ನಮ್ಮ ಜೇನು ಹರಳುಗಟ್ಟಿದ್ರೆ ‘ಸಕ್ಕರೆ ಹಾಕಿದೀರಾ’ ಅಂತ ಬಾಟಲಿ ವಾಪಸ್ ತರ್ತಾರೆ. ಶುದ್ಧ ಜೇನೂ ಹರಳುಗಟ್ಟತ್ತೆ, ಬಿಸಿನೀರಲ್ಲಿ ಬಾಟಲಿ ಇಟ್ರೆ ಕರಗತ್ತೆ. ಇದನ್ನ ನಾನು ಲೇಬಲ್ ಮೇಲೇ ಬರೆಸಿದೀನಿ. ಆದ್ರೂ ತರ್ತಾರೆ.

ಎರಡೂ ಸೇರಿ 68,200. ವರ್ಷಕ್ಕೆ. ತಿಂಗಳಿಗಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದ್ರೆ ಬಿಕಾಂ ಓದಿದ ಬುದ್ಧಿ ಕೇಳಬೇಕಲ್ಲ. ಕೂಲಿ ಎಲ್ಲಿ ಅಂತ ಅನ್ನಿಸ್ತು. ಅಮ್ಮ ದಿನಕ್ಕೆ ಕಮ್ಮಿ ಅಂದ್ರೂ ನಾಲ್ಕು ಗಂಟೆ ಮೇಕೆ ಕೆಲಸ ಮಾಡ್ತಾಳೆ. ಅರ್ಧ ದಿನ ಅಂತ ಹಿಡಿಯೋಣ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಅದರ ಅರ್ಧ, 365 ದಿನ. ಮೇಕೆಗೆ ಭಾನುವಾರ ಇಲ್ಲ. ಹತ್ತಿರ ಹತ್ತಿರ 63,700 ಬಂತು. 68,200ರಲ್ಲಿ ಅದನ್ನ ಕಳೆದ್ರೆ 4,500. ಅಪ್ಪನ ಕೆಲಸ, ನಾನು ಭಾನುವಾರ ಬಾಟಲಿ ತೊಳೆದದ್ದು ಸೇರಿಸಿದ್ರೆ ನಷ್ಟ.

ರಾತ್ರಿ ಊಟಕ್ಕೆ ಕೂತಾಗ ಇದನ್ನ ಓದಿ ಹೇಳಿದೆ. ಸ್ವಲ್ಪ ಜಂಬದಲ್ಲೇ ಹೇಳಿದೆ ಅನ್ಸತ್ತೆ. ಅಮ್ಮ ಮುದ್ದೆ ಮುರಿಯೋದು ನಿಲ್ಲಿಸಿ ಕೇಳಿದಳು, ‘ಸರಿ ಕಣಮ್ಮ, ಲೆಕ್ಕ ಚೆನ್ನಾಗೈತೆ. ಆ ಅರವತ್ತ್ಮೂರು ಸಾವ್ರ ನಂಗೆ ಯಾರು ಕೊಡ್ಬೇಕು?’

ನಾನು ಅದು ಹಂಗಲ್ಲ, ಅದು ಬರೀ ಪುಸ್ತಕದಲ್ಲಿ ತೋರ್ಸೋ ಖರ್ಚು ಅಂದೆ.

‘ಪುಸ್ತಕದಲ್ಲಿ ನನ್ನನ್ನ ಖರ್ಚು ಅಂತ ಬರ್ದಿದ್ಯಾ?’

ಅಪ್ಪ ಸಾರಿನ ಬಟ್ಟಲು ನೋಡ್ಕೊಂಡು ಕೂತಿದ್ರು. ಆಮೇಲೆ ಅಮ್ಮ ತನ್ನ ಲೆಕ್ಕ ಹೇಳಿದಳು. ಬರೆದದ್ದಲ್ಲ, ತಲೇಲಿ ಇರೋದು. ಕರಿಕಿವಿಯ ಮೊದಲ ಸೂಲಿನ ಎರಡು ಹೋತದ ಮರಿ, ನನ್ನ ಬಿಕಾಂ ಎರಡನೇ ವರ್ಷದ ಫೀಸು. ಅಜ್ಜಿ ಕಣ್ಣಿನ ಪೊರೆ ಆಪರೇಷನ್‌ಗೆ ಬೆಂಗಳೂರಿಗೆ ಹೋಗಿ ಬಂದ ಖರ್ಚು, ಮೂರು ಮರಿ. ಕೊಬ್ಬರಿ ಬೆಲೆ ಬಿದ್ದ ವರ್ಷ ಸೊಸೈಟಿ ಕಂತು, ಇನ್ನೆರಡು. ಅದು 2023. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದಾಗ ತಿಪಟೂರು ಮಾರುಕಟ್ಟೇಲಿ ಅದಕ್ಕಿಂತ ಎಷ್ಟೋ ಕೆಳಗೆ ಕೇಳ್ತಿದ್ರು. ನಾವು ಕೊಬ್ಬರಿ ಅಟ್ಟದಲ್ಲೇ ಬಿಟ್ಟು ಮೇಕೆ ಮಾರಿದ್ದೆವು. ಫೀಸಿನ ವಿಷಯ ನಂಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಅಪ್ಪ ಕಟ್ಟಿದ್ದು ಅಂದ್ಕೊಂಡಿದ್ದೆ. ಮೇಕೆ ದುಡ್ಡು ಅಮ್ಮನ ದುಡ್ಡು. ತೆಂಗಿನಕಾಯಿ ದುಡ್ಡು ಮನೆಯಜಮಾನರ ಕೈಗೆ ಹೋಗತ್ತೆ, ಸೊಸೈಟಿಗೆ ಹೋಗತ್ತೆ. ಮೇಕೆಯನ್ನ ಮಾತ್ರ ಯಾವಾಗ ಮಾರಬೇಕು ಅಂತ ಹೇಳೋಳು ಅವಳು. ರಾತ್ರಿ ಹತ್ತು ಗಂಟೆಗೆ ಯಾರಿಗಾದ್ರೂ ಹುಷಾರು ತಪ್ಪಿದ್ರೂ ಫೋನ್ ಮಾಡಿ ಮಾರಬಹುದಾದ ಆಸ್ತಿ ಅದೊಂದೇ.

ನೋಟ್‌ಬುಕ್ಕಲ್ಲಿ ನಾನು ‘ಖರ್ಚು’ ಅನ್ನೋದನ್ನ ಹೊಡೆದು ‘ಅಮ್ಮನಿಗೆ ಬಾಕಿ’ ಅಂತ ಬರೆದೆ. ಅವಳಿಗೆ ತೋರಿಸಿಲ್ಲ.

ಸತ್ತ ನಾಲ್ಕು ಮರಿ ಅಂದ್ನಲ್ಲ, ಅದರಲ್ಲಿ ಒಂದರ ಬಗ್ಗೆ ಹೇಳಲೇಬೇಕು. ಜೇನು-ಮೇಕೆ ಒಟ್ಟಿಗೆ ಸಾಕ್ತೀನಿ ಅನ್ನೋರು ಇದನ್ನ ಗಮನ ಇಟ್ಟು ಕೇಳಿ. ಹೋದ ಸೆಪ್ಟೆಂಬರಲ್ಲಿ ಒಂದು ಮಧ್ಯಾಹ್ನ, ಮೋಡ ಮುಚ್ಚಿತ್ತು. ಅಪ್ಪ ಮೂರನೇ ಪೆಟ್ಟಿಗೆ ತೆಗೆದ್ರು. ಮೋಡ ಇದ್ದಾಗ ನೊಣ ಎಲ್ಲಾ ಒಳಗೇ ಇರ್ತವೆ, ಮುಂಗೋಪ ಜಾಸ್ತಿ. ಅಲ್ಲಿಂದ ಹದಿನೈದು ಹೆಜ್ಜೆ ದೂರದ ಹೊಂಗೆ ಬುಡದಲ್ಲಿ ಆರು ತಿಂಗಳ ಮರಿ ಕಟ್ಟಿತ್ತು, ಕಾಲು ಉಳುಕಿದೆ ಅಂತ. ಬಿಟ್ಟಿದ್ರೆ ಓಡಿಹೋಗ್ತಿತ್ತು. ಹಗ್ಗದಷ್ಟು ದೂರ ಓಡಿ, ವಾಪಸ್ ಬಂದು, ಮತ್ತೆ ಓಡಿ, ಹಗ್ಗ ಮರಕ್ಕೆ ಸುತ್ತಿಕೊಂಡು ಅಲ್ಲೇ ನಿಂತಿತು. ಅಪ್ಪ ಗೋಣಿಚೀಲ ಹೊದಿಸೋ ಹೊತ್ತಿಗೆ ತಡವಾಗಿತ್ತು. ತುಡುವೆ ಸಾಧು ಅಂತೀವಿ. ಸಾಧುನೇ. ಆದ್ರೆ ಕಟ್ಟಿಹಾಕಿರೋ ಪ್ರಾಣಿ ಪಾಲಿಗೆ ಯಾವ ಜೇನೂ ಸಾಧು ಅಲ್ಲ. ಆವತ್ತಿಂದ ಪೆಟ್ಟಿಗೆ ಇರೋ ಕಡೆ ಗೂಟ ಅನ್ನೋದೇ ಇಲ್ಲ.

ಪುಸ್ತಕದಲ್ಲಿ ಇದನ್ನ ಎಲ್ಲಿ ಬರೀಲಿ ಅಂತ ಕೇಳಿದೆ. ಮೇಕೆ ಖಾತೆಯ ನಷ್ಟವಾ, ಜೇನಿನ ಖಾತೆದಾ? ಅಮ್ಮ, ‘ನಿಮ್ಮಪ್ಪನ ಖಾತೆಗೆ ಬರಿ’ ಅಂದಳು. ಅಪ್ಪ ಆಗ್ಲಿ ಅಂತ ತಲೆ ಆಡಿಸಿದ್ರು. ಎಂಟು ದಿನ ಪೆಟ್ಟಿಗೆ ಹತ್ರ ಹೋಗಿರಲಿಲ್ಲ ಅವರು.

ಈಗ ಆ ಬದು.

ಹೋದ ನವೆಂಬರ್. ಬದುವಿನ ಆಚೆ ದೊಡ್ಡಪ್ಪನ ಅವರೆ ಹೂ ಬಿಟ್ಟಿತ್ತು. ಕಾಯಿಕೊರಕದ ಕಾಟ. ಬೆಳಗ್ಗೆ ಒಂಬತ್ತು ಗಂಟೆಗೆ ಔಷಧಿ ಹೊಡೆಸಿದ್ರು. ಔಷಧಿ ಅಂತೀವಿ ನೋಡಿ, ವಿಷಕ್ಕೆ ನಾವು ಇಟ್ಟಿರೋ ಹೆಸರು. ಮೂರು ಗಂಟೆ ಹೊತ್ತಿಗೆ ನಮ್ಮ ಪೆಟ್ಟಿಗೆಗಳ ಮುಂದೆ ನೊಣ ಬೀಳಕ್ಕೆ ಶುರುವಾದವು. ನಾಲಿಗೆ ಆಚೆ ಚಾಚಿ, ಬೆನ್ನ ಮೇಲೆ ಬಿದ್ದು ಬುಗುರಿ ಥರ ಸುತ್ತೋದು. ಕೆಲವು ಬಾಗಿಲ ತನಕ ಬಂದವು, ಕಾವಲು ನೊಣಗಳು ಒಳಗೆ ಬಿಡಲಿಲ್ಲ. ವಾಸನೆ ಗೊತ್ತಾಗತ್ತೋ ಏನೋ. ಎರಡು ಕುಟುಂಬ ಪೂರ್ತಿ ಹೋದವು. ಮೂರು ಬಡವಾದವು, ಅದರಲ್ಲಿ ಒಂದು ಜನವರೀಲಿ ಪೆಟ್ಟಿಗೆ ಬಿಟ್ಟೇ ಹೋಯ್ತು.

ನಾನು ತುಮಕೂರಿಂದ ಬಂದು ನೋಡಿ, ನೇರ ದೊಡ್ಡಪ್ಪನ ಮನೆಗೆ ಹೊರಟೆ. ಅಪ್ಪ ತಡೆದ್ರು. ‘ನೀನು ಹೋದ್ರೆ ಭಾಗದ ಮಾತು ಬರ್ತದೆ. ನಾನು ಹೋಗ್ತೀನಿ.’ ಆದ್ರೂ ಹಿಂದೆನೇ ಹೋದೆ.

ದೊಡ್ಡಪ್ಪ ಕೆಟ್ಟವರಲ್ಲ. ಅವರು ಹೇಳಿದ್ದು ಇಷ್ಟು: ‘ನಂಗೆ ಗೊತ್ತಿಲ್ವೇನೋ ತಮ್ಮ, ಸಂಜೆ ಹೊಡೆದ್ರೆ ನಿನ್ ಹುಳಕ್ಕೆ ಒಳ್ಳೇದು ಅಂತ. ಸಿಂಪಡಿಸೋ ಹುಡುಗ ಕ್ಯಾನ್ ಲೆಕ್ಕದಲ್ಲಿ ಬರೋನು. ಬೆಳಗ್ಗೆ ನನ್ನ ಹೊಲ, ಮಧ್ಯಾಹ್ನ ಇನ್ನೊಬ್ಬರದು. ಅವನು ಬಂದಾಗ ನಾನು ಹೊಡೆಸ್ಬೇಕು. ಬಿಟ್ರೆ ವಾರ ಸಿಗಲ್ಲ, ಹುಳ ಕಾಯಿನ ತಿಂದು ಹಾಕ್ತದೆ. ಆ ನಷ್ಟ ನೀನು ಕೊಡ್ತೀಯಾ?’

ನಾನು ಕೇಳಕ್ಕೆ ಅಂತ ಇಟ್ಕೊಂಡಿದ್ದ ಪ್ರಶ್ನೆಯನ್ನೇ ಅವರು ಕೇಳಿದ್ರು. ಉತ್ತರ ನನ್ನ ಹತ್ರ ಇರಲಿಲ್ಲ.

ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ತುಡುವೆ ನೊಣ ಆಹಾರಕ್ಕೆ ಸುಮಾರು ಒಂದು ಕಿಲೋಮೀಟರ್ ಸುತ್ತ ಹಾರತ್ತೆ. ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತ ಅಂದ್ರೆ 3.14 ಚದರ ಕಿಲೋಮೀಟರ್, ಹತ್ತಿರ ಹತ್ತಿರ 776 ಎಕರೆ. ಪಹಣಿ ಪ್ರಕಾರ ನಮ್ಮ ಜಮೀನು ಎರಡು ಎಕರೆ ಹನ್ನೆರಡು ಗುಂಟೆ. ನಮ್ಮ ಜೇನಿನ ಪಹಣಿ 776 ಎಕರೆ. ಅದರಲ್ಲಿ ದೊಡ್ಡಪ್ಪ ಒಬ್ಬರೇ ಅಲ್ಲ, ನೂರಾರು ಜನ ಇದ್ದಾರೆ. ನಾನು ಸಾವಯವ ಮಾಡ್ತೀನಿ, ನಮ್ಮ ತೋಟದಲ್ಲಿ ವಿಷ ಇಲ್ಲ ಅಂತ ಬೋರ್ಡು ಹಾಕಿದ್ರೆ ನೊಣಕ್ಕೆ ಓದಕ್ಕೆ ಬರಲ್ಲ. ಮೇಕೆಯನ್ನ ಬೇಲಿ ಹಾಕಿ ಸಾಕಬಹುದು. ಜೇನನ್ನ ಊರಿನ ಜೊತೆ ಮಾತಾಡ್ಕೊಂಡೇ ಸಾಕಬೇಕು.

ಹಾಗಾಗಿ ಅಪ್ಪ ಸಿಂಪಡಿಸೋ ಹುಡುಗನ್ನೇ ಹಿಡಿದ್ರು. ನಮ್ಮ ಸುತ್ತಿನ ಏಳೆಂಟು ಹೊಲಗಳಿಗೆ ಹೂವಿದ್ದಾಗ ಸಂಜೆ ಐದರ ಮೇಲೆ ಹೊಡೆದ್ರೆ ಸಲಕ್ಕೆ 200 ರೂಪಾಯಿ ನಾವು ಕೊಡ್ತೀವಿ, ಆಗದಿದ್ರೆ ಹಿಂದಿನ ರಾತ್ರಿ ಒಂದು ಫೋನ್ ಮಾಡು ಅಂತ. ಫೋನ್ ಬಂದ್ರೆ ಕತ್ತಲಾದ ಮೇಲೆ ಪೆಟ್ಟಿಗೆ ಬಾಗಿಲಿಗೆ ಜಾಲರಿ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ, ಮಾರನೇ ದಿನ ಮಧ್ಯಾಹ್ನದ ತನಕ ಇಡ್ತೀವಿ. ಅದಕ್ಕಿಂತ ಹೆಚ್ಚು ಹೊತ್ತು ಮುಚ್ಚಿದ್ರೆ ಸೆಕೆಗೆ ಒಳಗೇ ಸಾಯ್ತವೆ. ಜನವರಿಯಿಂದ ಈವರೆಗೆ ಅವನು ಆರು ಸಲ ಸಂಜೆ ಹೊಡೆದಿದ್ದಾನೆ, ಎರಡು ಸಲ ಫೋನ್ ಮಾಡಿದ್ದಾನೆ, ಒಂದು ಸಲ ಮರೆತಿದ್ದಾನೆ. ಪುಸ್ತಕದಲ್ಲಿ ಈಗ ಹೊಸ ಸಾಲು ಬಂದಿದೆ: ಸಂಜೆ ಖರ್ಚು. ಮಾರ್ಚಲ್ಲಿ ಅಪ್ಪ ಇನ್ನೊಂದು ಹುತ್ತದಿಂದ ಒಂದು ಕುಟುಂಬ ತಂದ್ರು. ಈಗ ಆರು ಪೆಟ್ಟಿಗೆ.

ದಾವಣಗೆರೆಯ ಗೆಳೆಯರಿಗೆ ಇನ್ನೂ ಉತ್ತರ ಕೊಟ್ಟಿಲ್ಲ ಅಲ್ವಾ. ಕೊಡ್ತೀನಿ. ಬರೀ ಇದರಿಂದಾನೇ ಬದುಕಬಹುದಾ ಅಂದ್ರೆ, ನಮ್ಮ ಪ್ರಮಾಣದಲ್ಲಿ ಆಗಲ್ಲ. ತೆಂಗು, ರಾಗಿ, ನನ್ನ ಸಂಬಳ ಇದೆಲ್ಲ ಇರೋದಕ್ಕೇ ಮೇಕೆ, ಜೇನು ನಡೀತಿರೋದು, ಮೇಕೆ ಇರೋದಕ್ಕೇ ತೆಂಗು ಹಸಿರಾಗಿರೋದು. ಎರಡು ಟ್ರ್ಯಾಕ್ಟರ್ ಹಿಕ್ಕೆ ಗೊಬ್ಬರ ತೋಟಕ್ಕೆ ಹೋಯ್ತು, ಅದನ್ನ ನಾನು ಲೆಕ್ಕಕ್ಕೇ ಹಿಡಿದಿಲ್ಲ. ನೀವು ಶುರು ಮಾಡೋದಾದ್ರೆ ಕೆಲಸ ಬಿಡೋಕೆ ಮುಂಚೆ ಎರಡು ಹೆಣ್ಣು ಮೇಕೆ, ಎರಡು ಪೆಟ್ಟಿಗೆ ಇಟ್ಟು ಒಂದು ವರ್ಷ ನೋಡಿ. ಐವತ್ತು ಮೇಕೆಗೆ ಶೆಡ್ಡು ಕಟ್ಟಿಸಿ ಸಾಲ ಮಾಡಬೇಡಿ. ಬೆಂಗಳೂರು ಬಿಡೋಕೆ ಮುಂಚೆ ಜಿಕೆವಿಕೆಯಲ್ಲಿ ಜೇನಿನ ತರಬೇತಿ ವಿಚಾರಿಸಿ, ತೋಟಗಾರಿಕೆ ಇಲಾಖೆಯ ಸಹಾಯಧನ ಕೇಳಿ. ಎಲ್ಲಕ್ಕಿಂತ ಮುಂಚೆ ಒಂದು ಮಾತು ಯೋಚನೆ ಮಾಡಿ: ಬೆಳಗ್ಗೆ ಐದೂವರೆಗೆ ಆ ಬಾಗಿಲು ತೆಗೆಯೋರು ಯಾರು? ನಿಮ್ಮಮ್ಮ ಅಂತಾದ್ರೆ, ಮೊದಲು ಅವರನ್ನ ಕೇಳಿ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಅಮ್ಮನ ಮಂಡಿ ಸವೆದಿದೆ. ಕುಕ್ಕರಗಾಲಲ್ಲಿ ಕೂರಬೇಡಿ ಅಂದಿದ್ದಾರೆ ಡಾಕ್ಟರು. ಕುಕ್ಕರಗಾಲಲ್ಲಿ ಕೂರದೆ ಮೇಕೆ ಸಾಕಕ್ಕಾಗಲ್ಲ. ಬಕ್ರೀದ್‌ಗೆ ಮುಂಚೆ ಒಳ್ಳೇ ಬೆಲೆ ಬರತ್ತೆ, ಆರು ಕೊಟ್ಟುಬಿಡೋಣ, ನಾಲ್ಕು ಇಟ್ಕೊಳ್ಳೋಣ ಅಂತ ಅವಳೇ ಅಂತಾಳೆ. ಮಾರನೇ ದಿನ, ಬೇಡ, ಮಳೆಗಾಲ ಕಳೀಲಿ ಅಂತಾಳೆ. ಅಪ್ಪ ಮಾತಾಡಲ್ಲ. ನಾನು ವಾರಕ್ಕೆ ಮೂರು ದಿನ ಮನೆಯಿಂದಾನೇ ಕೆಲಸ ಮಾಡಬಹುದಾ ಅಂತ ನಮ್ಮ ಆಫೀಸಲ್ಲಿ ಕೇಳಿದೀನಿ. ರಿಟರ್ನ್ಸ್ ಕೊನೆ ದಿನಾಂಕ ಇರೋ ವಾರ ಆಗಲ್ಲ, ಉಳಿದದ್ದು ನೋಡೋಣ ಅಂದಿದ್ದಾರೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಅವಳು ಕೇಳೋದು ಹೇಗೂ ಪಕ್ಕದ ಮನೆ ಹುಡುಗಿ ಫೋನಲ್ಲಿ ಹಾಕಿದಾಗ. ಅಷ್ಟರಲ್ಲಿ ಹೇಳಿರ್ತೀನಿ.

ಹೋದ ವಾರದಿಂದ ಬೆಳಗ್ಗೆ ಬಾಗಿಲು ನಾನು ತೆಗೀತಿದೀನಿ. ಹಿಕ್ಕೆ ನೋಡಿ ಯಾವ ಮೇಕೆದು ಅಂತ ಇನ್ನೂ ಗೊತ್ತಾಗಲ್ಲ. ನಿನ್ನೆ ಮೂರು ತಪ್ಪು ಹೇಳಿದೆ.

ಆಗಿಂದ ಕೂಗ್ತಿರೋದು ಕರಿಕಿವಿ. ನಿನ್ನೆಗೆ ಐದು ತಿಂಗಳು ತುಂಬ್ತು, ಕೆಚ್ಚಲು ಬಿಗಿದಿದೆ, ಇವತ್ತು ರಾತ್ರಿ ಈಯತ್ತೆ ಅಂತಾಳೆ ಅಮ್ಮ. ಕರೀತಿದ್ದಾಳೆ, ಹಳೇ ಗೋಣಿಚೀಲ ತಗೊಂಡು ಬಾ ಅಂತ. ಹೋಗ್ತೀನಿ. ನಮಸ್ಕಾರ.